ರಿಟರ್ನ್ ಪೆಟ್ಟಿಗೆಯ ಬಿಸ್ಕತ್ತು

ಅಪ್ಪಾ,

ದಿನ ಮುಗಿದಿದೆ ಎಂದು ನೀವು ಬಾಗಿಲ ಬಳಿ ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿ, ಬಿಸ್ಕತ್ತು ಪ್ಯಾಕೆಟ್ ಎಲ್ಲವನ್ನೂ ಮತ್ತೆ ಅಡುಗೆಮನೆ ಕಪಾಟಿಗೆ ಸೇರಿಸಿದ್ದೇನೆ. ಇದು ಮನೆ, ನಿಮ್ಮ ಹಳೆಯ ಮೆಡಿಕಲ್ ಶಾಪ್ ಅಲ್ಲ. ಇಲ್ಲಿಂದ ಯಾವ ಕಂಪನಿಯವರೂ ಎಕ್ಸ್‌ಪೈರಿ ಮಾಲು ವಾಪಸ್ ಒಯ್ಯುವುದಿಲ್ಲ.

ಬಿಸ್ಕತ್ತಿನ ಮೇಲೆ 'ಬೆಸ್ಟ್ ಬಿಫೋರ್' ಅಂತಿದ್ದರೆ ಅದು ರುಚಿಯ ಮಾತು. ದಿನ ಕಳೆದರೆ ಕೊಂಚ ಮೆತ್ತಗಾದೀತು, ವಿಷವಾಗುವುದಿಲ್ಲ. ಮೀನಿನ ಪ್ಯಾಕೆಟ್ ಮೇಲೆ 'ಯೂಸ್ ಬೈ' ಅಂತಿದ್ದರೆ ಮಾತ್ರ ಆ ದಿನ ದಾಟಿದ ಮೇಲೆ ಮುಟ್ಟಬೇಡಿ. ಮೂಸಿ ನೋಡಿ ತೀರ್ಮಾನ ಮಾಡುವುದೂ ಬೇಡ.

ಇನ್ನೊಂದು ವಿಷಯ. ಪೆಟ್ಟಿಗೆಯಲ್ಲಿದ್ದ ಯಾವುದರ ದಿನವೂ ಮುಗಿದಿರಲಿಲ್ಲ. ನೀವು ನೋಡಿದ್ದು ತಯಾರಾದ ತಾರೀಖು. ನಿಜವಾಗಿ ಮುಗಿದಿದ್ದು ಮೀನು ಒಂದೇ, ಅದನ್ನು ಇವತ್ತು ಹುರಿಯೋಣ ಎಂದು ಫ್ರಿಜ್ಜಿನಲ್ಲಿ ಜೋಪಾನವಾಗಿ ಇಟ್ಟಿದ್ದಿರಿ. ಎಸೆದಿದ್ದೇನೆ.

ಅಂಗಡಿಯಲ್ಲಿ ಮಾತ್ರೆ ಸ್ಟ್ರಿಪ್ಪಿನ ಬೆನ್ನ ಮೇಲಿನ ಸಣ್ಣಕ್ಷರವನ್ನು ನಿಂತ ನಿಲುವಿನಲ್ಲೇ ಓದುತ್ತಿದ್ದವರು ನೀವು. "ನನ್ನ ಕಣ್ಣಿಗೇನಾಗಿದೆ, ಹದ್ದಿನ ಕಣ್ಣಿನ ಹಾಗಿದೆ" ಅಂತ ನಿನ್ನೆಯೂ ಹೇಳಿದಿರಿ.

ಸಂಜೆ ಬೇಗ ಬರುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಶರ್ಟು ಹಾಕಿಕೊಂಡು ಕೂತಿರಿ, ನೆಪ ಹುಡುಕಬೇಡಿ.

ಈ ಚೀಟಿಯನ್ನು ಯಾಕಿಷ್ಟು ದಪ್ಪಕ್ಷರದಲ್ಲಿ ಬರೆದಿದ್ದೇನೆ ಅಂತಲೂ ಕೇಳಬೇಡಿ.