ಅಕ್ಕನ ಕಾಲು ಮಡಚುತ್ತದೆಯೇ?

ಬಸವಕಲ್ಯಾಣ
೯ ಜನವರಿ ೧೯೮೩

ಮೊಂಡು ತಂಗಿ ಕಸ್ತೂರಿಗೆ ಅಕ್ಕನ ಆಶೀರ್ವಾದ, ಅದರ ಬೆನ್ನಿಗೇ ಬೈಗುಳ.

ನಿನ್ನ ಮಗ ಬಕ್ಕಪ್ಪ ಇವತ್ತು ಹುಮನಾಬಾದಿನಿಂದ ಬಂದು ನನ್ನ ಮುಂದೆ ಕೂತು ಅತ್ತುಬಿಟ್ಟ. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡೆಯಂತೆ, ಅದೂ ಸೊಂಟದ ಕೀಲಿನ ಹತ್ತಿರ, ಹೋದ ವರ್ಷ ನನಗೆ ಮುರಿದ ಜಾಗದಲ್ಲೇ. ಸೊಲ್ಲಾಪುರದ ಡಾಕ್ಟರು ಮೊಳೆ ಹಾಕಿ ಕೂಡಿಸುತ್ತೇನೆಂದರೆ ಒಲ್ಲೆ ಎನ್ನುತ್ತೀಯಂತೆ. "ಕಾಲಾಗ ಕಬ್ಬಣ ಇಟ್ಕೊಂಡು ಪದ್ಮಾಸನ ಹ್ಯಾಂಗ ಹಾಕ್ಲಿ? ಸತ್ತ ಮ್ಯಾಲ ಕುಣ್ಯಾಗ ನನ್ನ ಹ್ಯಾಂಗ ಕೂಡಸ್ತೀರಿ? ಮೊದ್ಲ ಅಕ್ಕಗ ಕೇಳ್ಕೊಂಡು ಬಾ, ಆಕೀ ಕಾಲು ಮಡಚ್ತದೇನಂತ" ಎಂದು ಅವನನ್ನು ಅಟ್ಟಿದ್ದೀ. ನಮ್ಮವರನ್ನು ಪದ್ಮಾಸನದಲ್ಲಿ ಕೂಡಿಸಿಯೇ ಮಣ್ಣು ಮಾಡುವುದು, ನಿಜ. ಆದರೂ ಭಲೆ! ಬದುಕುವ ಚಿಂತೆ ಬಿಟ್ಟು ಕುಣಿಯ ಚಿಂತೆ ಹಚ್ಚಿಕೊಂಡಿದ್ದೀಯಲ್ಲ.

ಮೊದಲು ನನ್ನ ಆಪರೇಷನ್ ಸುದ್ದಿ ಕೇಳು. ಬೆನ್ನಿಗೆ ಸೂಜಿ ಚುಚ್ಚಿದರು, ಸೊಂಟದ ಕೆಳಗೆ ಏನೂ ಗೊತ್ತಾಗದಂತಾಯಿತು. ಪರದೆಯ ಆಚೆ ಬಡಗಿ ಕೆಲಸ ಮಾಡಿದ ಹಾಗೆ ಠಕ್ ಠಕ್ ಸದ್ದು. ಹೆದರಿ, "ಸಾಹೇಬ್ರ, ಮುದುಕಿ ಎಲುಬು ಅದ, ಸಾವಕಾಶ ಬಡೀರಿ" ಎಂದೆ. ಅವರು ನಕ್ಕು, "ಅದಕ್ಕಽ ಮೊಳಿ ಜೋಡಿ ಕಬ್ಬಣದ ಪಟ್ಟೀನೂ ಹಾಕಾಕತ್ತೇನ್ರಿ ಅವ್ವಾರ. ನಿಮ್ಮ ಎಲುಬು ಒಳಗ ಟೊಳ್ಳಾಗ್ಯಾವ" ಎಂದರು. ಮರುದಿನವೇ ಎಬ್ಬಿಸಿ ಮಂಚದ ಮೇಲೆ ಕೂರಿಸಿದರು. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನರ್ಸಬಾಯಿಯ ಕೈ ಚಿವುಟಿದ್ದೇನೆ. ಈಗ ಕೋಲು ಹಿಡಿದು ಅಂಗಳಕ್ಕೆ ಹೋಗುತ್ತೇನೆ. ಬ್ಯಾಳಿಗೆ ಉಪ್ಪು ಕಡಿಮೆಯಾದರೆ ಅಡಿಗೆಮನೆಗೇ ಹೋಗಿ ಸೊಸೆಗೆ ಹೇಳಿ ಬರುತ್ತೇನೆ. ಲಿಂಗಪೂಜೆ ಒಂದು ದಿನವೂ ತಪ್ಪಿಲ್ಲ.

ಹಾಸಿಗೆಯಲ್ಲೇ ಬಿದ್ದುಕೊಂಡರೆ ಏನಾಗುತ್ತದೆ ಎಂಬುದನ್ನು ಕಾಲು ಮುರಿದು ಮಲಗಿದ ನಮ್ಮ ಅವ್ವನಲ್ಲಿ ನೋಡಿದ್ದೇವೆ. ಬೆನ್ನೆಲ್ಲ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ ಹೋದಳು. ಮಗ್ಗುಲು ಬದಲಿಸಿದಾಗಲೆಲ್ಲ ಅವಳು ಕೂಗುತ್ತಿದ್ದುದು ನನಗೆ ಇನ್ನೂ ಕೇಳಿಸುತ್ತದೆ. ನಿನ್ನನ್ನು ಹಾಗೆ ನೋಡಲು ನನ್ನಿಂದಾಗದು, ಕಸ್ತೂರಿ. ನೀನಿಲ್ಲದೆ ನಾನು ಯಾರ ಜೊತೆ ಜಗಳಾಡಲಿ? ನಾಳೆ ಬಕ್ಕಪ್ಪ ಜೀಪು ತರುತ್ತಾನೆ. ತಕರಾರು ಮಾಡದೆ ಸೊಲ್ಲಾಪುರಕ್ಕೆ ಹೋಗು.

ನಿನ್ನ ಅಕ್ಕ
ಸುಂದರಬಾಯಿ

ತಾ.ಕ.: ಬಕ್ಕಪ್ಪ ಬಾಗಿಲಲ್ಲಿ ನಿಂತು, "ದೊಡ್ಡವ್ವ, ಅವ್ವ ಕೇಳಿದ್ದು ಬರದ್ರೇನ್ರಿ?" ಎನ್ನುತ್ತಿದ್ದಾನೆ. ಬರೆದಿರಲಿಲ್ಲ. ಮಡಚುವುದಿಲ್ಲ, ಕಸ್ತೂರಿ. ಸ್ಟೂಲಿನ ಮೇಲೆ ಕೂತು, ಕಾಲು ಇಳಿಬಿಟ್ಟು ಪೂಜೆ ಮಾಡುತ್ತೇನೆ. ಮೊದಲ ದಿನ ಅಳು ಬಂತು. ಆದರೆ ಲಿಂಗ ಇರುವುದು ಅಂಗೈಯಲ್ಲಿ, ಅದು ಹಾಗೇ ಇದೆ. ಅವ್ವನ ಕಾಲಲ್ಲಿ ಯಾವ ಮೊಳೆ ಇತ್ತು ಹೇಳು? ಎಲುಬು ಸೊಟ್ಟಗೆ ಕೂಡಿಕೊಂಡು ಅವಳ ಕಾಲೂ ಮಡಚಲಿಲ್ಲ. ಮಣ್ಣು ಮಾಡುವಾಗ ಜನ ಅದನ್ನು ಒತ್ತಿ ಮಡಚಲು ಹೋದರೆ ನೀನೇ ಅಡ್ಡ ನಿಂತು, ಕುಣಿ ಅಗಲ ಮಾಡಿಸಿ, ಕಾಲು ಚಾಚಿಯೇ ಕೂಡಿಸಿದೆ. ನನ್ನ ಮಣ್ಣಿನ ದಿನವೂ ನೀನೇ ಹಾಗೆ ಅಡ್ಡ ನಿಲ್ಲಬೇಕು. ನಿಲ್ಲಲು ಕಾಲು ಬೇಕಲ್ಲ, ಹುಚ್ಚಿ.