ಬೇಲಿಯಾಚೆಯ ಕುರ್ಚಿ

ಇಂದೂನ ಅವ್ವಾ,

ಭಾನುವಾರ ಮಗಳ ಆಟದಲ್ಲಿ ಅಂಪೈರು ನನ್ನನ್ನು ಎಬ್ಬಿಸಿ ಕಳಿಸಿದ್ದು ಅನ್ಯಾಯ ಎಂದು ನಿನ್ನೆ ನಿನ್ನ ಫೋಟೋದ ಮುಂದೆ ನಿಂತು ಹೇಳಿದೆನಲ್ಲ, ಅದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಅಂಗಡಿಯಿಂದ ಫೋನ್ ಬಂತು, ಕೊತ್ತಂಬರಿ ಬಂದಿದೆ, ಅರ್ಧ ಬಾಡಿದೆ ಎಂದು. ಓಡಿದೆ. ಇವತ್ತು ಪುರುಸೊತ್ತಾಗಿದೆ. ನಮ್ಮೂರು ಸೈಪ್ರೆಸ್ಸಿನ ಮೈದಾನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ನಿನ್ನ ಮಗಳು ಆ ತುದಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ. ಮೊದಲಿಂದ ಹೇಳುತ್ತೇನೆ, ಕೇಳು.

ನೀನು ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತದ್ದು ಮೊನ್ನೆ ಮೊನ್ನೆಯ ಹಾಗಿದೆ. ಇಂದೂ ಆಗ ಏಳನೇ ಕ್ಲಾಸು. ಶಾಲೆಯಿಂದ ಬಂದವಳೇ "ಅವ್ವಾ, ಐ ವಾಂಟ್ ಟು ಪಿಚ್" ಎಂದಳು. ಬೇಲದ ಹಣ್ಣಿನಷ್ಟು ದೊಡ್ಡ ಹಳದಿ ಚೆಂಡು. ಅದಕ್ಕೆ ಸಾಫ್ಟ್‌ಬಾಲ್ ಎಂದು ಹೆಸರಿಟ್ಟವರ ಮೊಣಕಾಲಿಗೆ ಅದು ಎಂದೂ ಬಡಿದಿರಲಾರದು. ಕೈಯನ್ನು ಗಿರಗಿರನೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಅವಳು ಎಸೆಯುವುದು, ನೈಟಿಯ ಮೇಲೆ ಎದೆಗವಚ ಕಟ್ಟಿಕೊಂಡು ನೀನು ಹಿಡಿಯುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದವಳು ನೀನು. ದಣಿವಾಗುವುದಿಲ್ಲವೇ ಎಂದರೆ, "ಬಕೆಟ್ ಮ್ಯಾಲೆ ಕೂತೇನಲ್ರಿ, ಇನ್ನೇನ್ ದಣಿವು" ಎನ್ನುತ್ತಿದ್ದೆ. ನೀನು ಹೋದ ಮೇಲೆ ಆ ಬಕೆಟ್ಟಿನ ಜಾಗ ನನಗೆ ಬಂತು. ಹಿಡಿಯುವುದರಲ್ಲಿ ನಾನು ನಿನ್ನಷ್ಟು ಜಾಣನಲ್ಲ. ಬಾಯಿ ಮಾತ್ರ ನಿನಗಿಂತ ಜಾಸ್ತಿ.

ಟ್ರಾವೆಲ್ ತಂಡದ ವಿಷಯ ನಿನಗೆ ಗೊತ್ತಿಲ್ಲ. ನೀನಿದ್ದಾಗ ಶಾಲೆಯ ತಂಡ ಮಾತ್ರ ಇತ್ತು. ಈಗ ಹೈಸ್ಕೂಲಿನ ಆಟ ವಸಂತದಲ್ಲಿ ಮುಗಿದರೆ, ಬೇಸಿಗೆಯೆಲ್ಲ ಇದು. ಶನಿವಾರ, ಭಾನುವಾರ ಬಂತೆಂದರೆ ಡಾಲಸ್ ಕಡೆಗೋ ಆಸ್ಟಿನ್ ಕಡೆಗೋ ಗಾಡಿ ತಿರುಗಿಸಬೇಕು. ಗುಡಾರ, ಐಸ್ ಡಬ್ಬ, ಕುರ್ಚಿ, ನೂರು ಡಿಗ್ರಿ ಬಿಸಿಲು, ಬಿಸಿಲಿಗೆ ಸ್ವಲ್ಪವೂ ಅಂಜದ ಅಮ್ಮಂದಿರು. ಜಾತ್ರೆಯೇ ಸೈ, ತೇರು ಒಂದಿಲ್ಲ. ಕೋಚ್ ಡಾನಾ ಎಂಬ ಹೆಣ್ಣುಮಗಳು ತಂಡ ನಡೆಸುತ್ತಾರೆ. ಮಾತು ಕಡಿಮೆ, ಕಣ್ಣು ಜಾಸ್ತಿ. ಈ ಬೇಸಿಗೆಗೆ ಚೆಂಡೆಸೆಯುವ ಮೊದಲನೇ ಪಿಚರ್ ಯಾರು, ಎರಡನೆಯವಳು ಯಾರು ಎಂದು ಅವರು ಇನ್ನೂ ಹೇಳಿರಲಿಲ್ಲ. ನಮ್ಮ ಇಂದೂ, ಇಲ್ಲವೇ ಅವಳ ಗೆಳತಿ ಹ್ಯಾನಾ. ಇಬ್ಬರೂ ಒಂದೇ ಪೊಟ್ಟಣದಿಂದ ಸೂರ್ಯಕಾಂತಿ ಬೀಜ ತಿನ್ನುತ್ತಾರೆ, ಇಬ್ಬರಿಗೂ ಒಂದೇ ಜಾಗ ಬೇಕು. ಅಂದಹಾಗೆ ತಂಡದಲ್ಲಿ ಯಾರೂ ಅವಳನ್ನು ಇಂದೂ ಎನ್ನುವುದಿಲ್ಲ, ಇಂಡಿ ಎನ್ನುತ್ತಾರೆ. ನಿನ್ನ ತವರಿನ ತಾಲ್ಲೂಕಿನ ಹೆಸರು, ನೀನಿದ್ದಿದ್ದರೆ ಎಷ್ಟು ಉಬ್ಬುತ್ತಿದ್ದೆಯೋ...

ಆಸ್ಟಿನ್‌ನಿಂದ ವಾಪಸ್ ಬರುವಾಗ ಒಂದು ಸಲ ನಾನು ಅವಳ ಒಂದೇ ಒಂದು ಎಸೆತದ ಬಗ್ಗೆ ದಾರಿಯುದ್ದಕ್ಕೂ ಮಾತಾಡಿದೆನಂತೆ. ನನಗೆ ಹಾಗೆ ಅನ್ನಿಸಲಿಲ್ಲ. ಮನೆ ಮುಟ್ಟಿದಾಗ ಅವಳು ಬೆಲ್ಟು ಬಿಚ್ಚುತ್ತ, "ಡ್ಯಾಡ್, ನ್ಯೂ ರೂಲ್. ಇನ್ ದಿ ಕಾರ್, ನೋ ಸಾಫ್ಟ್‌ಬಾಲ್. ನಾಟ್ ಒನ್ ವರ್ಡ್" ಎಂದಳು. ಅಂದಿನಿಂದ ಕಾರಿನಲ್ಲಿ ನಾವು ಹವೆಯ ಬಗ್ಗೆ ಮಾತಾಡುತ್ತೇವೆ. ಹವೆ ಎಷ್ಟು ಹೊತ್ತು ಬಂದೀತು? ಬಿಸಿ ಇದೆ, ಮುಗಿಯಿತು. ಆಮೇಲೆ ಅಂಗಡಿಯ ಬೆಂಡೆಕಾಯಿ. ಆಮೇಲೆ ಅವಳ ಕಿವಿಗೆ ಇಯರ್‌ಫೋನು. ಕಾರಿನಲ್ಲಿ ನುಂಗಿಕೊಂಡ ಮಾತೆಲ್ಲ ಎಲ್ಲಿಗೆ ಹೋಗಬೇಕು ಹೇಳು? ಅದಕ್ಕೇ ನಿನ್ನ ಹತ್ತಿರ ಬರುತ್ತದೆ.

ಮೈದಾನದಲ್ಲಿ ನಾನೊಂದು ದಾರಿ ಕಂಡುಕೊಂಡಿದ್ದೆ. ಬ್ಯಾಟರ್ ಹಿಂದಿನ ಜಾಲರಿಯ ಬಳಿ ಕೂತು ಅಪ್ಪ ಅಮ್ಮಂದಿರು ಹೇಳಿಕೊಡಬಾರದು ಎಂದು ಕಟ್ಟುನಿಟ್ಟು. ಆದರೆ ಕನ್ನಡದಲ್ಲಿ? "ಮ್ಯಾಲೆ ಹಾಕು", "ಹೊರಗ ಹಾಕು", "ಅಕಿ ಅಂಜ್ಯಾಳ, ಜೋರ್ ಹಾಕು". ಟೆಕ್ಸಸ್‌ನಲ್ಲಿ ಯಾರಿಗೆ ತಿಳಿಯಬೇಕು? ಅಂಪೈರು ನಾನು ದೇವರನ್ನು ನೆನೆಯುತ್ತಿದ್ದೇನೆ ಎಂದುಕೊಂಡು ಸುಮ್ಮನಿರುತ್ತಿದ್ದ. ಇಂದೂಗೆ ಮಾತ್ರ ಉರಿಯುತ್ತಿತ್ತು. ಆಟಕ್ಕೆಂದು ಡಾಲಸ್ ಪಕ್ಕದ ಪ್ಲೇನೋಗೆ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನೆದುರು ಬಂದು ನಿಂತಳು.

"ಡ್ಯಾಡ್, ಒನ್ ಮೋರ್ ಟೈಮ್, ಅಂಡ್ ಐ ರೈಡ್ ವಿತ್ ಹ್ಯಾನಾಸ್ ಮಾಮ್. ಆಲ್ ಸಮ್ಮರ್."

"ಮತ್ತ ನಾನು?"

"ಯು ಕ್ಯಾನ್ ಸ್ಟೇ ವಿತ್ ಯುವರ್ ಕೊತ್ತಂಬರಿ."

ನಗಬೇಡ. ಹ್ಯಾನಾಳ ತಾಯಿಯ ವ್ಯಾನಿನಲ್ಲಿ ಜಾಗ ಇರುವುದು ನನಗೆ ಗೊತ್ತಿತ್ತು. ವಾರವೆಲ್ಲ ಅವಳಿಗೆ ಗೆಳತಿಯರು, ಪ್ರಾಕ್ಟೀಸು. ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತದೆ. ನನ್ನ ಪಾಲಿಗೆ ಇರುವುದು ಆ ಕಾರಿನ ದಾರಿ ಒಂದೇ. ಬಾಯಿ ಮುಚ್ಚಿಕೊಂಡಾದರೂ ಸರಿ, ಪಕ್ಕದ ಸೀಟಿನಲ್ಲಿ ಅವಳು ಕಾಲು ಮೇಲಿಟ್ಟುಕೊಂಡು ಕೂತಿರುತ್ತಾಳಲ್ಲ. ಅದೂ ಹೋದರೆ...

ಶನಿವಾರ ಪ್ಲೇನೋದಲ್ಲಿ ನಾನು ಹೇಗಿದ್ದೆ ಎಂದು ನೀನು ನೋಡಬೇಕಿತ್ತು. ಬಾಯಿ ತುಂಬ ಸೂರ್ಯಕಾಂತಿ ಬೀಜ ತುಂಬಿಕೊಂಡು ಕೂತೆ. ಒಂದು ಶಬ್ದ ಇಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿಯದೇ ತಂಡದ ಮೇಲೆ ಆಟ, ಸೋತರೆ ಮನೆಗೆ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ನಾವು ಒಂದು ರನ್ ಮುಂದೆ. ಅವರ ಹುಡುಗಿಯೊಬ್ಬಳು ಮೂರನೇ ಬೇಸಿನ ಮೇಲೆ ನಿಂತು ಓಡಿಬಂದು ರನ್ ಮಾಡಲು ಕಾಯುತ್ತಿದ್ದಾಳೆ. ಬ್ಯಾಟ್ ಹಿಡಿದು ಬಂದವಳು ಒಬ್ಬ ಎತ್ತರದ, ಎರಡು ಜಡೆಯ ಹುಡುಗಿ. ಚೆಂಡು ಬರುವ ದಾರಿಯಿಂದ ತೀರಾ ದೂರ ನಿಂತಿದ್ದಳು. ಚೆಂಡನ್ನು ಅವಳಿಂದ ಇನ್ನಷ್ಟು ಆಚೆ ಹಾಕಿದರೆ ಬ್ಯಾಟು ಎಟುಕುವುದೇ ಇಲ್ಲ. ನನಗೆ ಕಾಣುತ್ತಿದೆ, ಇಂದೂಗೆ ಕಾಣುತ್ತಿದೆಯೋ ಇಲ್ಲವೋ? ಬೀಜ ಯಾವಾಗ ಉಗುಳಿದೆನೋ ಗೊತ್ತಿಲ್ಲ.

"ಹೊರಗ, ಇಂದೂ! ಹೊರಗ ಹಾಕು!"

ಇಂದೂ ಕೈ ತಿರುಗಿಸಿದಳು. ಅಷ್ಟರಲ್ಲಿ ಜಾಲರಿಯ ಆ ಬದಿಯಿಂದ ಒಂದು ಹೆಂಗಸಿನ ದನಿ ನನ್ನದಕ್ಕಿಂತ ಜೋರಾಗಿ ಎದ್ದಿತು.

"ರಚೂ, ಹೊರಗ ಬರಾಕತ್ತೈತಿ! ಮುಂದ ಸರಿ!"

ಹುಡುಗಿ ಸರಿದಳು, ಬೀಸಿದಳು. ಚೆಂಡು ಬಲಗಡೆಯ ಹುಲ್ಲಿನ ಮೇಲೆ ಉರುಳಿ ಹೋಯಿತು, ಮೂರನೇ ಬೇಸಿನವಳು ಓಡಿಬಂದು ರನ್ ಮಾಡಿದಳು. ಸಮ ಸಮ. ನಾನು ಎದ್ದು ನಿಂತು ಆ ಹೆಂಗಸನ್ನು ನೋಡಿದೆ. ದೊಡ್ಡ ಹ್ಯಾಟು, ಕೈಯಲ್ಲಿ ಸ್ಟೀಲಿನ ಡಬ್ಬಿ.

"ಯಾವೂರವ್ರಿ ನೀವು?"

"ಧಾರವಾಡ್ರಿ. ನೀವು ಹುಬ್ಬಳ್ಳಿ ಅಲ್ಲೇನ್ರಿ? ಗಂಟಲ ಕೇಳಿದ ಕೂಡ್ಲೆ ಗೊತ್ತಾತು."

"ಧಾರವಾಡದವ್ರು ಮೆಲ್ಲಕ ಮಾತಾಡ್ತಾರಂತ ಕೇಳಿದ್ದೆ."

"ಹುಬ್ಬಳ್ಳಿಯವ್ರ ಮುಂದ ಮೆಲ್ಲಕ ಮಾತಾಡಿದ್ರ ಕೇಳಸ್ತೈತೇನ್ರಿ?"

ಪ್ಲೇನೋದಲ್ಲಿ ಪ್ರತಿ ಬೀದಿಗೆ ನಮ್ಮವರು ನಾಲ್ಕು ಮನೆ ಇದ್ದಾರೆ ಎಂದು ಅವರಿಗೆಲ್ಲ ಮಸಾಲೆ ಕಳಿಸುವ ನನಗೇ ಹೊಳೆಯಲಿಲ್ಲ ನೋಡು! ಅಂಪೈರು ಆಟ ನಿಲ್ಲಿಸಿ ಬಂದ. "ಸರ್, ಮ್ಯಾಮ್. ಯು ಟೂ ಆರ್ ಡನ್ ಹಿಯರ್" ಎಂದ. ನಮ್ಮ ಕಾಲೇಜಿನ ಇಂಗ್ಲಿಷ್ ಪ್ರೊಫೆಸರರು, ವಾದದಲ್ಲಿ ಸೋಲುತ್ತಿರುವಾಗ 'ನೆವರ್‌ದಲೆಸ್' ಎಂಬ ಪದ ಬಳಸಬೇಕು ಎಂದು ಕಲಿಸಿದ್ದರು. ನಾನು ಗಂಭೀರವಾಗಿ "ನೆವರ್‌ದಲೆಸ್, ಸರ್" ಎಂದೆ. ಅದರ ಮುಂದೆ ಏನು ಹೇಳಬೇಕೆಂದು ಕಲಿಸಿದ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ. ಅವನು ದೂರದ ಬೇಲಿಯತ್ತ ಕೈ ತೋರಿಸಿದ. ಕುರ್ಚಿ ಮಡಚಿಕೊಂಡು ಹೊರಟೆ. ಇಂದೂನ ಮುಖ ನೋಡಲು ಧೈರ್ಯ ಬರಲಿಲ್ಲ. ಮುಗಿಯಿತು, ಇನ್ನು ಅವಳು ಹ್ಯಾನಾಳ ತಾಯಿಯ ವ್ಯಾನಿಗೇ ಎಂದುಕೊಂಡೆ.

ಮೈದಾನದ ಆ ಕೊನೆಯ ಬೇಲಿಯಾಚೆ ಇಬ್ಬರೂ ಕುರ್ಚಿ ಹಾಕಿಕೊಂಡೆವು. ಸುಮಂಗಲಾ ಎಂದು ಹೆಸರು. ಗಂಡ ಮಗನ ಈಜಿನ ಸ್ಪರ್ಧೆಗೆ ಹೋಗಿದ್ದಾರಂತೆ. ನೀನೇನೂ ಅಂದುಕೊಳ್ಳಬೇಡ. ಡಬ್ಬಿ ತೆರೆದರೆ ಒಗ್ಗರಣೆ ಹಾಕಿದ ಚುರುಮುರಿ.

"ಭಾಳ ಚಲೋ ಹಾಕ್ತಾಳ್ರಿ ನಿಮ್ಮ ಮಗಳು. ನೀವು ಒದರದಿದ್ರ ನಮ್ಮ ರಚೂಗ ಎಲ್ಲಿ ಸಿಗತಿತ್ತು ಅದು?"

"ಅಂದ್ರ ತಪ್ಪು ನಂದ ಅಂತೀರಿ?"

"ನಾ ಯಾಕ ಅನ್ಲಿ? ಚುರುಮುರಿ ತಿನ್ರಿ."

ಅಲ್ಲಿಂದ ನಾನು ಇಂದೂವನ್ನು ಮೊದಲ ಸಲ ಹಿಂದಿನಿಂದ ನೋಡಿದೆ. ಇಷ್ಟು ದಿನ ನೋಡಿದ್ದು ಅವಳ ಕೈ, ಚೆಂಡು, ತಪ್ಪು. ಇಲ್ಲಿಂದ ಅವಳ ಬೆನ್ನು ಕಾಣುತ್ತದೆ, ಅವಳು ಪ್ರತಿ ಎಸೆತಕ್ಕೆ ಮೊದಲು ಹಿಂತಿರುಗಿ ಒಬ್ಬೊಬ್ಬ ಹುಡುಗಿಯನ್ನೂ ನೋಡುವುದು ಕಾಣುತ್ತದೆ. ಒಬ್ಬಳಿಗೆ ನಗು, ಒಬ್ಬಳಿಗೆ ಸನ್ನೆ, ತಪ್ಪು ಮಾಡಿದವಳಿಗೆ ಏನೋ ಒಂದು ಮಾತು. ಆ ಮೈದಾನದಲ್ಲಿ ಯಜಮಾನಿಕೆ ಅವಳದು. ಇದೆಲ್ಲ ಯಾವಾಗ ಕಲಿತಳು? ನಾನು ಹೇಳಿಕೊಟ್ಟದ್ದಂತೂ ಅಲ್ಲ.

ಏಳನೇ ಇನ್ನಿಂಗ್ಸ್, ಕೊನೆಯದು. ನಮ್ಮವರು ಮತ್ತೆ ಒಂದು ರನ್ ಮುಂದೆ. ಅವರಲ್ಲಿ ಇಬ್ಬರು ಔಟ್, ಇಬ್ಬರು ಬೇಸುಗಳ ಮೇಲೆ. ಇನ್ನೊಬ್ಬಳು ಔಟಾದರೆ ಆಟ ಮುಗಿದಂತೆ. ಬಂದವಳು ಯಾರು? ಅದೇ ಎರಡು ಜಡೆ. ಸುಮಂಗಲಾ ಚುರುಮುರಿ ತಿನ್ನುವುದು ನಿಲ್ಲಿಸಿದರು. ಇಂದೂ ಚೆಂಡು ಹಿಡಿದು ನಿಂತಳು. ಆಮೇಲೆ ಬ್ಯಾಟರ್‌ಗೆ ಬೆನ್ನು ಮಾಡಿ ಪೂರ್ತಿ ನಮ್ಮ ಕಡೆ ತಿರುಗಿ, ಇಡೀ ಮೈದಾನ ಕೇಳುವ ಹಾಗೆ ಕೂಗಿದಳು.

"ಅಪ್ಪಾ! ಹೊರಗ ಹಾಕ್ಲೇನ್?"

ನನ್ನ ಮಗಳು! ಮನೆಯಲ್ಲಿ ನೀರು ಬೇಕಾದರೂ ಇಂಗ್ಲಿಷಿನಲ್ಲಿ ಕೇಳುವವಳು! ಕೊನೆಗೂ ನನ್ನನ್ನು ಕೇಳಿದಳಲ್ಲ ಎಂದು ನನಗೆ ಎದೆ ಉಬ್ಬಿಬಂತು. ಅಂಪೈರು ನೋಡುತ್ತಿದ್ದ, ಬಾಯಿ ತೆರೆಯುವ ಹಾಗಿಲ್ಲ. ಹಾಕವ್ವಾ, ಹಾಕು ಎಂದು ತಲೆ ಜೋರಾಗಿ ಅಲ್ಲಾಡಿಸಿದೆ. ಸುಮಂಗಲಾ ಅರ್ಧ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಅಲ್ಲಿ ರಚೂ ನಗುತ್ತ ಮುಂದೆ ಬಾಗಿ ನಿಂತಳು.

ಇಂದೂ ಹೊರಗೆ ಹಾಕಲಿಲ್ಲ. ಹೊಟ್ಟೆಯ ಹತ್ತಿರ, ಒಳಗೆ ಹಾಕಿದಳು. ಬ್ಯಾಟಿನ ಹಿಡಿಗೆ ತಾಗಿ ಚೆಂಡು ನೆಟ್ಟಗೆ ಮೇಲೆ ಹೋಯಿತು, ನಿಧಾನವಾಗಿ ಇಳಿಯಿತು, ಅವಳ ಗ್ಲೌಸಿಗೇ ಬಂತು. ಅವಳು ನನ್ನನ್ನು ಏನೂ ಕೇಳಿರಲಿಲ್ಲ ಎಂದು ನನಗೆ ತಿಳಿಯುವಷ್ಟರಲ್ಲಿ ಹುಡುಗಿಯರೆಲ್ಲ ಅವಳ ಮೇಲೆ ಬಿದ್ದಿದ್ದರು.

"ಅಯ್ಯ ಕಳ್ಳೀ!" ಎಂದು ಸುಮಂಗಲಾ ಚಪ್ಪಾಳೆ ತಟ್ಟಿದರು, ಸೋತವರು ತಾವೆಂಬುದನ್ನು ಮರೆತು. "ನಮ್ಮಿಬ್ಬರನ್ನೂ ಕೂಡೇ ಮಾರಿ ಬಂದ್ಲಲ್ರಿ ಅಕಿ!"

ಮುಂದಿನ ಆಟದಲ್ಲಿ ನಾವೂ ಸೋತೆವು, ಅದು ಬಿಡು. ಪಾರ್ಕಿಂಗಿನಲ್ಲಿ ಹ್ಯಾನಾಳ ತಾಯಿ ವ್ಯಾನಿನ ಬಾಗಿಲು ತೆಗೆದು "ಇಂಡಿ, ಯು ಕಮಿಂಗ್ ವಿತ್ ಅಸ್?" ಎಂದು ಕೂಗಿದಳು. ಮೊದಲೇ ಮಾತಾಗಿತ್ತು ಅನ್ನು. ನಾನು ಕುರ್ಚಿಯನ್ನು ಡಿಕ್ಕಿಯಲ್ಲಿ ಇಟ್ಟದ್ದನ್ನೇ ಮತ್ತೆ ಸರಿಸಿ ಇಡುತ್ತ ನಿಂತೆ. ಇಂದೂ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ನಾಹ್, ಐ ಆಮ್ ಗುಡ್" ಎಂದು ತನ್ನ ಚೀಲವನ್ನು ನನ್ನ ಕುರ್ಚಿಯ ಮೇಲೆ ಎಸೆದಳು.

ಡಾಲಸ್ ದಾಟುವವರೆಗೆ ಹವೆಯನ್ನೂ ಮುಟ್ಟಲಿಲ್ಲ. ಆಮೇಲೆ ಅವಳೇ ಇಯರ್‌ಫೋನು ಕಿತ್ತು, "ಒನ್ ಕ್ವೆಶ್ಚನ್. ಅಬೌಟ್ ದಿ ಗೇಮ್. ಯು ಗೆಟ್ ಒನ್" ಎಂದಳು. ನನ್ನ ಹೊಟ್ಟೆಯಲ್ಲಿ ನೂರಿದ್ದವು. ಆ ಎಸೆತ ಯಾವಾಗ ಹೊಳೆಯಿತು, ಕೋಚ್ ಏನೆಂದರು, ನನ್ನ ಮೇಲೆ ಸಿಟ್ಟಿದೆಯೇ... ಯಾವುದನ್ನು ಆರಿಸಲಿ?

"ಹಸಿವ್ಯಾಗೈತೇನವಾ?" ಎಂದೆ.

"ದಟ್ಸ್ ನಾಟ್ ಅಬೌಟ್ ದಿ ಗೇಮ್!" ಎಂದು ನಕ್ಕಳು ನೋಡು, ಡ್ಯಾಶ್‌ಬೋರ್ಡಿಗೆ ಹಣೆ ತಾಗುವ ಹಾಗೆ. ನಕ್ಕು ಮುಗಿದ ಮೇಲೆ "ಸ್ಟಾರ್ವಿಂಗ್" ಎಂದಳು. ಗಾಡಿ ನಿಲ್ಲಿಸಿ ತಿಂದೆವು. ಅಲ್ಲಿಂದ ಮನೆಯವರೆಗೆ ಮಾತೆಲ್ಲ ಅವಳದೇ. ನಾನು ಹೂಂಗುಟ್ಟಿದ್ದು ಅಷ್ಟೇ. ನಾನು ಇಷ್ಟು ದಿನ ಕನ್ನಡದಲ್ಲಿ ಕೂಗಿದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತಂತೆ, ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವಂತೆ. "ದಿ ಒನ್ ಟೈಮ್ ಐ ಲಿಸನ್ಡ್, ಡ್ಯಾಡ್, ಶಿ ಹಿಟ್ ಇಟ್." ಮನೆಯ ತಿರುವಿನಲ್ಲಿ ಒಪ್ಪಂದವಾಯಿತು. ಬೇಸಿಗೆಯೆಲ್ಲ ಅವಳು ನನ್ನ ಕಾರಿನಲ್ಲಿ. ನನ್ನ ಕುರ್ಚಿ ಬೇಲಿಯಾಚೆ. ಅಂಪೈರು ಮಾಡಿದ್ದು ಅರ್ಧ ಅನ್ಯಾಯ ಎಂದೆನಲ್ಲ, ಈಗ ಬರೆಯುತ್ತ ಬರೆಯುತ್ತ ಆ ಅರ್ಧವೂ ಉಳಿಯುವ ಹಾಗೆ ಕಾಣುವುದಿಲ್ಲ.

ಇವತ್ತೂ ಬೇಲಿಯಾಚೆಯೇ ಕೂತಿದ್ದೇನೆ. ಮುಂದಿನ ಶನಿವಾರ ಆಸ್ಟಿನ್ ಕಡೆ, ಲಿಯಾಂಡರ್‌ನಲ್ಲಿ ಆಟ. ಅಲ್ಲಿಗೆ ಮೊದಲನೇ ಪಿಚರ್ ಯಾರೆಂದು ಕೋಚ್ ಡಾನಾ ಇವತ್ತು ಹೇಳುತ್ತಾರಂತೆ. ಇಷ್ಟು ದೂರ ನನಗೆ ಕೇಳಿಸುವುದಿಲ್ಲವಲ್ಲ, ಬೆರಳು ತೋರಿಸುತ್ತೇನೆ ಎಂದಿದ್ದಾಳೆ ಇಂದೂ. ಒಂದಾದರೆ ಒಂದು, ಎರಡಾದರೆ ಎರಡು. ಎರಡಾದರೂ ಮುಖ ಸಣ್ಣ ಮಾಡಬಾರದೆಂದು ನನಗೆ ಹೇಳಿಯಾಗಿದೆ.

ಎಲ್ಲರೂ ಕೋಚ್ ಸುತ್ತ ಮಂಡಿಯೂರಿ ಕೂತಿದ್ದಾರೆ. ಎದ್ದರು. ಹ್ಯಾನಾ ಅವಳನ್ನು ಅಪ್ಪಿಕೊಂಡಳು. ಅದಕ್ಕೇನು ಅರ್ಥ? ಹೇಗಾದರೂ ಅಪ್ಪಿಕೊಳ್ಳುತ್ತಾರೆ ಇವರು. ಇಂದೂ ಈ ಕಡೆ ತಿರುಗಿದಳು. ಕೈ ಎತ್ತಿದ್ದಾಳೆ. ಒಂದೋ ಎರಡೋ... ಬೆಳಕು ಯಾವಾಗ ಹೀಗೆ ಇಳಿಯಿತು? ಬರೆಯುವ ಭರದಲ್ಲಿ ನೋಡಲೇ ಇಲ್ಲ. ಮೈದಾನದ ಈ ಭಾಗಕ್ಕೆ ದೀಪವೂ ಇಲ್ಲ. ಕನ್ನಡಕ ಒರೆಸಿ ನೋಡಿದೆ, ಅವಳ ಕೈಯೇ ಒಂದು ಕಡ್ಡಿಯ ಹಾಗೆ ಕಾಣುತ್ತಿದೆ, ಬೆರಳು ಎಲ್ಲಿಂದ?

ಅವಳಿಗೂ ಗೊತ್ತಾಯಿತೆಂದು ಕಾಣುತ್ತದೆ. ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಾಳೆ.

"ಒಂದು, ಅಪ್ಪಾ! ನಾನ ಒಂದು!"

ಕೇಳಿತೇನೇ ನಿನಗೆ? ಬರೆದ ಸಾಲು ನನಗೇ ಕಾಣುತ್ತಿಲ್ಲ, ಒಂದರ ಮೇಲೊಂದು ಬಿದ್ದಿದ್ದರೆ ಹೊಂದಿಸಿಕೊಂಡು ಓದು. ಲಿಯಾಂಡರ್‌ನಲ್ಲಿ ತುಟಿ ಬಿಚ್ಚುವುದಿಲ್ಲ, ನಿನ್ನಾಣೆ. ಆದರೆ ಇದು ಬರೀ ಪ್ರಾಕ್ಟೀಸು, ಅಂಪೈರೂ ಇಲ್ಲ. ಒಂದು ಸಲ ಕೂಗಿಬಿಡುತ್ತೇನೆ, ತಡೆ.