ಹದಿನಾಲ್ಕನೇ ನಂಬರಿನ ವಿಳಾಸ

ಅಕ್ಟೋಬರ್ 8, ಬುಧವಾರ. ಸಂಜೆ 6

ಇವತ್ತೂ ಅದೇ ಕಥೆ. ನಾಲ್ಕು ಗಂಟೆಗೆ ಅಂಚೆಚೀಟಿ ಸಂಘದ ವೀಡಿಯೊ ಸಭೆ. ನಾಲ್ಕೂ ಹತ್ತಕ್ಕೆ ಎಲ್ಲರ ಮುಖ ಕಲ್ಲಾಯಿತು. ಕಾರ್ಯದರ್ಶಿ ತೆರೆದ ಬಾಯಿ ತೆರೆದಂತೆಯೇ ಉಳಿದರು. ಐದಕ್ಕೆ ಎಲ್ಲ ಸರಿಹೋಯಿತು— ಅಷ್ಟರಲ್ಲಿ ಸಭೆ ಮುಗಿದಿತ್ತು. ಸತತ ಮೂರನೇ ವಾರ.

ಬರುವ ಬುಧವಾರ ನನ್ನದೇ ಭಾಷಣ. ನೈಲ್ ನದಿಯ ಡೆಲ್ಟಾದಲ್ಲಿ ಮುಚ್ಚಿಹೋದ ಅಂಚೆ ಕಚೇರಿಗಳ ಮುದ್ರೆಗಳು. ಎರಡು ತಿಂಗಳಿಂದ ತಯಾರಿ. ನಾನೂ ಬಾಯಿ ತೆರೆದು ಕಲ್ಲಾಗಿ ಕೂರಬೇಕೇ?

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಹಿರಿಯರನ್ನು ಕರೆಯುವಂತೆ ಹಾಜ್ ಎಂದೇ ಮಾತಾಡಿಸಿದ ಹುಡುಗ. "ಲೈನ್ ಸರಿಯಾಗೇ ಇದೆ ಹಾಜ್. ನಿಮ್ಮ ಮನೇಲೇ ಯಾರೋ ಜಾಸ್ತಿ ಎಳೀತಿದ್ದಾರೆ. ರೂಟರ್ ಒಳಗೆ ಹೋಗಿ ನೋಡ್ಕೊಳ್ಳಿ." ಮನೆಯಲ್ಲಿ ಇರುವವರೇ ಇಬ್ಬರು. ಆ ಹೊತ್ತಿಗೆ ನನ್ನ ಹೆಂಡತಿ ಇನ್ಸಾಫ್ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿರುತ್ತಾಳೆ. ರೂಟರ್ ಎಂಬ ಆ ಅಂಗೈಯಗಲದ ಡಬ್ಬಿಯ ಒಳಗೆ ಹೋಗುವುದು ಎಂದರೇನು, ಅದನ್ನು ಮಾತ್ರ ಆತ ಹೇಳಲಿಲ್ಲ. "ಮನೇಲಿ ಚಿಕ್ಕವರು ಯಾರಾದ್ರೂ ಇದ್ರೆ ಕೇಳಿ" ಅಂದ!

ಚಿಕ್ಕವರು ಯಾರೂ ಇಲ್ಲ. ಅಲೆಕ್ಸಾಂಡ್ರಿಯಾದ ಅಂಚೆ ವಿಂಗಡಣೆಯಲ್ಲಿ ಮೂವತ್ತೆಂಟು ವರ್ಷ ವಿಳಾಸ ಓದಿದ ನಾನಿದ್ದೇನೆ. ಸಾಕು.

ಅಕ್ಟೋಬರ್ 9, ಗುರುವಾರ. ಸಂಜೆ

ಸಿಕ್ಕಿತು. ಡಬ್ಬಿಯನ್ನು ಮಗುಚಿದೆ. ತಳದಲ್ಲಿ ಚೀಟಿ: 192.168.1.1. ಅದರ ಕೆಳಗೆ ಬಳಕೆದಾರನ ಹೆಸರು, ಪಾಸ್‌ವರ್ಡ್. ಇರುವೆಗಾತ್ರದ ಅಕ್ಷರ. ಅಂಚೆಚೀಟಿಯ ಭೂತಗನ್ನಡಿ ಬೇಕಾಯಿತು.

ಫೋನಿನಲ್ಲಿ ವೈಫೈ ಹೆಸರನ್ನು ಒತ್ತಿ ನೋಡಿದೆ. ಅಲ್ಲೂ ಗೇಟ್‌ವೇ ಎಂದು ಅದೇ ನಂಬರು. ಅದರ ಮೇಲೆ ನನ್ನ ಫೋನಿನದು— 192.168.1.4. ಮೊದಲ ಮೂರು ತುಂಡು ಒಂದೇ. ಕೊನೆಯದು ಮಾತ್ರ ಬೇರೆ. ಇದು ವಿಳಾಸವಲ್ಲದೆ ಇನ್ನೇನು!

ಮಧ್ಯಾಹ್ನವಿಡೀ ಓದಿದೆ. ಅರ್ಥವಾದದ್ದು ಇಷ್ಟು. ಕಂಪನಿ ನಮ್ಮ ಮನೆಗೆಲ್ಲ ಸೇರಿಸಿ ಒಂದು ವಿಳಾಸ ಕೊಟ್ಟಿದೆ. ಹೊರಗಿನ ಲೋಕಕ್ಕೆ ಗೊತ್ತಿರುವುದು ಅದೊಂದೇ— ಬೀದಿ ಹೆಸರು, ಕಟ್ಟಡದ ನಂಬರು ಇದ್ದಂತೆ. 192.168 ಎಂದು ಶುರುವಾಗುವವು ಹೊಸ್ತಿಲಿನ ಒಳಗಿನವು. ಖಾಸಗಿ. ಡಬ್ಬಿಯೇ ಹಂಚುತ್ತದೆ: ಟಿವಿಗೆ ಒಂದು, ಫೋನಿಗೆ ಒಂದು. ಹೊರಗಿನಿಂದ ಬಂದ ಟಪಾಲನ್ನು ಡಬ್ಬಿ ಇಸಿದುಕೊಂಡು, ಯಾರು ಕೇಳಿದ್ದೋ ಅವರಿಗೇ ಮುಟ್ಟಿಸುತ್ತದೆ. ಥೇಟ್ ನನ್ನ ಕೆಲಸ. ಸಂಬಳ ಇಲ್ಲ, ಪಿಂಚಣಿ ಇಲ್ಲ.

ಇನ್ಸಾಫ್‌ಗೆ ಹೇಳಿದೆ. "ಅದಕ್ಕೂ ಒಂದು ಬೀಳ್ಕೊಡುಗೆ ಸಮಾರಂಭ ಮಾಡಿ ಕಳಿಸು" ಎಂದಳು. ಬೀಳ್ಕೊಡುಗೆ ಎಂಬ ಮಾತು ಈ ಮನೆಯಲ್ಲಿ ಎತ್ತಬಾರದೆಂದು ಅವಳಿಗೆ ಗೊತ್ತು. ಆದರೂ.

ಅಕ್ಟೋಬರ್ 10, ಶುಕ್ರವಾರ

ಜುಮ್ಮಾ ನಮಾಜು, ಕರಿದ ಮೀನು, ಚಹಾ. ಆಮೇಲೆ ಲ್ಯಾಪ್‌ಟಾಪ್.

ಮೊದಲು ಆ ನಂಬರನ್ನು ತಪ್ಪು ಜಾಗದಲ್ಲಿ ಬರೆದೆ, ಹುಡುಕುವ ಪಟ್ಟಿಯಲ್ಲಿ. ನೂರೆಂಟು ಜಾಹೀರಾತು ಬಂದವು. ಅಲ್ಲಲ್ಲ— ಮೇಲೆ, ವಿಳಾಸ ಬರೆಯುವ ಸಾಲಿನಲ್ಲೇ ಬರೆಯಬೇಕು. ಚುಕ್ಕಿ ಬಿಡಬಾರದು. ಬರೆದೆ. ಬಾಗಿಲು ತೆರೆಯಿತು! ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡ್ ಕೊಟ್ಟೆ. ಒಳಗೆ ಬಿಟ್ಟಿತು.

ಒಳಗೊಂದು ಪಟ್ಟಿ. ಈಗ ಮನೆಯಲ್ಲಿ ಯಾರ‍್ಯಾರು ಲೈನ್ ಹಿಡಿದಿದ್ದಾರೆ, ಎಲ್ಲ ಅಲ್ಲಿದೆ. ಒಂದೊಂದನ್ನೇ ಆರಿಸಿ ಗುರುತು ಹಾಕಿಕೊಂಡೆ. ಕೊನೆಯ ತುಂಡು 2 ಅಂದರೆ ಲ್ಯಾಪ್‌ಟಾಪ್. 3 ಇನ್ಸಾಫಳ ಫೋನು. 4 ನಾನು. 6 ಟಿವಿ.

ಮತ್ತೆ ಒಂದು 14.

ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ ನೋಡಿದೆ. 14 ಇದ್ದೇ ಇದೆ. ಹೆಸರಿಲ್ಲ. ನಮ್ಮದಲ್ಲ.

"ಇನ್ಸಾಫ್! ಮನೇಲಿ ಕಳ್ಳ ಇದ್ದಾನೆ!"

ಅಡುಗೆಮನೆಯಿಂದ ಉತ್ತರ: "ಇದ್ರೆ ಎರಡು ಈರುಳ್ಳಿ ಹೆಚ್ಚಿಕೊಡೋಕೆ ಹೇಳು."

ಅಕ್ಟೋಬರ್ 11, ಶನಿವಾರ. ಸಂಜೆ 5

ನಾಲ್ಕಕ್ಕೆ ಸರಿಯಾಗಿ ಪಟ್ಟಿ ಎದುರು ಕೂತೆ. 14 ಎದ್ದ. ಲೈನೆಲ್ಲ ಅವನ ಕಡೆಗೇ ಹರಿಯಿತು. ನನ್ನ ಪರದೆ ತೆವಳತೊಡಗಿತು. ಮೂರು ವಾರದ ಕಳ್ಳ ಕೈಗೆ ಸಿಕ್ಕ!

ತಡೆಯುವ ಗುಂಡಿ ಇದೆ. ಒತ್ತಿದೆ. 14 ಮಾಯ.

ಅಷ್ಟಕ್ಕೇ ಬಿಡಲಿಲ್ಲ. ಚೀಟಿಯ ಪಾಸ್‌ವರ್ಡ್ ಕಂಡವರೆಲ್ಲ ಒಳಗೆ ಬರಬಹುದು. ರೂಟರಿನ ಪಾಸ್‌ವರ್ಡನ್ನೇ ಬದಲಿಸಿದೆ. ಹೊಸದನ್ನು ಎಲ್ಲೂ ಬರೆದಿಟ್ಟಿಲ್ಲ— ಇಲ್ಲೂ ಇಲ್ಲ. ಈ ವಗ್ದಿ ಒಮ್ಮೆ ಓದಿದ ವಿಳಾಸ ಮರೆಯುವವನಲ್ಲ.

ಬಹಳ ದಿನದ ಮೇಲೆ ಕೆಲಸ ಮಾಡಿದಂಥ ಖುಷಿ.

ಅಕ್ಟೋಬರ್ 13, ಸೋಮವಾರ

ಇನ್ಸಾಫ್ ಎರಡು ದಿನದಿಂದ ಸರಿಯಿಲ್ಲ. ಮುಲುಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆಯೇ ಇಲ್ಲ. ಕೇಳಿದರೆ, "ಬೆಳ್ಳುಳ್ಳಿಗೂ ತಡೆ ಹಾಕಿದೀನಿ" ಎನ್ನುತ್ತಾಳೆ.

ಊಟ ಆದ ಮೇಲೆ ಬಂದು ನಿಂತಳು. ಏನಾದರೂ ಬೇಕಿದ್ದಾಗ ಮಾತ್ರ ನನ್ನನ್ನು ಮಗಳ ಹೆಸರು ಹಿಡಿದು ಕರೆಯುತ್ತಾಳೆ. "ಅಬೂ ಲಮ್ಯಾ, ಆ ಹದಿನಾಲ್ಕನ್ನ ಬಿಟ್ಟುಬಿಡು."

"ಯಾಕೆ?"

"ಯಾರೋ ಏನೋ. ಪಾಪ."

"ಕಳ್ಳನಿಗೆ ಶಿಫಾರಸು ಬೇರೆ! ಯಾರು ಅಂತ ಗೊತ್ತಾ ನಿನಗೆ?"

ಬಾಲ್ಕನಿಗೆ ಹೋಗಿ, ಒಣಗಿದ ಬಟ್ಟೆಯನ್ನೇ ಮತ್ತೆ ಹರವಿದಳು.

ಅಕ್ಟೋಬರ್ 14, ಮಂಗಳವಾರ. ಸಂಜೆ 7

ಆದದ್ದನ್ನು ಆದಂತೆ ಬರೆಯುತ್ತೇನೆ.

ಮೂರು ಗಂಟೆಗೆ ಇನ್ಸಾಫ್ ಬಾಗಿಲು ತೆರೆದು ಯಾರನ್ನೋ ಕೈಹಿಡಿದು ಒಳಗೆ ಕರೆತಂದಳು. ಮೈಸಾ. ಮೂರನೇ ಮಹಡಿಯ ಬಹ್ಗತ್‌ನ ಮಗಳು. ಇಪ್ಪತ್ತೆರಡು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು, ಮಾತೆಲ್ಲ ಕೈಯಲ್ಲೇ. ಎದೆಗೆ ಒಂದು ಟ್ಯಾಬ್ ಅವುಚಿಕೊಂಡಿದ್ದಳು.

"ಇವಳೇ ನಿನ್ನ ಕಳ್ಳ. ವೈಫೈ ಪಾಸ್‌ವರ್ಡ್ ಕೊಟ್ಟವಳು ನಾನು. ಬೈಯೋದಿದ್ರೆ ನನ್ನನ್ನ ಬೈ."

ಬಹ್ಗತ್ ಜೊತೆ ಆರು ವರ್ಷದಿಂದ ಮಾತಿಲ್ಲ. ಒಂದೇ ಮೇಜಿನಲ್ಲಿ ವಿಂಗಡಣೆ ಮಾಡಿದವರು ನಾವು. ನನ್ನ ನಿವೃತ್ತಿಯ ದಿನ ಎಲ್ಲರೆದುರು ಎದ್ದು ನಿಂತು, ನಾನು ದಮನ್‌ಹೂರಿನ ಟಪಾಲು ಚೀಲವನ್ನು ದಮಿಯಾತ್‌ಗೆ ಕಳಿಸಿದ್ದನ್ನು ನಗುನಗುತ್ತ ಹೇಳಿದ. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಚೀಲ. ಅವನಿಗೆ ನೆನಪಾದದ್ದು ಅದೇ.

ಅದು ಇರಲಿ. ಕೈರೋದ ಒಂದು ಸಂಸ್ಥೆ ಕಿವಿ ಕೇಳಿಸದ ಮಕ್ಕಳಿಗೆ ವೀಡಿಯೊದಲ್ಲೇ ಪಾಠ ಹೇಳಿಸುತ್ತದಂತೆ. ಮೈಸಾ ಅಲ್ಲಿ ಶಿಕ್ಷಕಿಯಾಗಲು ದಿನಾ ನಾಲ್ಕರಿಂದ ಐದು ಅಭ್ಯಾಸ ಮಾಡುತ್ತಿದ್ದಳು. ಅವರ ಮನೆಗೆ ಲೈನಿಲ್ಲ— ಬೀದಿಯ ಟೆಲಿಫೋನ್ ಪೆಟ್ಟಿಗೆಯಲ್ಲಿ ಜಾಗವಿಲ್ಲವೆಂದು ತಿಂಗಳುಗಟ್ಟಲೆ ಕಾಯಿಸುತ್ತಿದ್ದಾರೆ. ಮೊಬೈಲ್ ಸಿಗ್ನಲ್ ನಮ್ಮ ಗಲ್ಲಿಯಲ್ಲಿ ವೀಡಿಯೊ ಹೊರುವಷ್ಟಿಲ್ಲ. ಈ ವಾರ ಮೂರು ಪರೀಕ್ಷೆಯ ಪಾಠ. ಭಾನುವಾರದ್ದು ತಪ್ಪಿತು. ಸೋಮವಾರದ್ದೂ ತಪ್ಪಿತು. ಇನ್ಸಾಫ್ ಫೋನ್ ಮಾಡಿ ಬೇಡಿಕೊಂಡಿದ್ದಕ್ಕೆ, ನಾಳೆ ನಾಲ್ಕಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಎಂದಿದ್ದಾರೆ.

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

"ಬಹ್ಗತ್ ಹೆಸರು ಕೇಳಿದ್ರೆ ನಿನ್ನ ಮುಖ ಹೇಗಾಗುತ್ತೆ, ಕನ್ನಡಿ ನೋಡ್ಕೋ."

ಮೈಸಾ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಕೈಯಾಡಿಸಿ ಏನೋ ಹೇಳಿದಳು. ಇನ್ಸಾಫ್ ಬಾಯಿಮಾತಿಗೆ ತಂದಳು: "ನಾನು ಕದೀಲಿಲ್ಲ, ಕೇಳಿ ತಗೊಂಡೆ ಅಂತಿದ್ದಾಳೆ." ಇನ್ಸಾಫ್ ಆ ಭಾಷೆ ಯಾವಾಗ ಕಲಿತಳು? ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿಲ್ಲ.

"ಒಂದು ನಿಮಿಷದ ಕೆಲಸ" ಎಂದೆ. ಕೂತೆ. ವಿಳಾಸ ಬರೆದೆ. ಪಾಸ್‌ವರ್ಡ್ ಕೇಳಿತು.

ಹೋಗಿದೆ. ತಲೆಯಿಂದ ಪೂರಾ ಹೋಗಿದೆ. ಮದುವೆಯ ದಿನಾಂಕ ಹಾಕಿದೆ, ಮಗಳು ಲಮ್ಯಾಳ ಹುಟ್ಟುಹಬ್ಬ ಹಾಕಿದೆ, ನೌಕರಿಯ ನಂಬರು ಹಾಕಿದೆ. ಯಾವುದೂ ಅಲ್ಲ. ಮೈಸಾ ಟ್ಯಾಬಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು.

ಡಬ್ಬಿಯ ಹಿಂದೆ ಸೂಜಿಮೊನೆಯಷ್ಟು ತೂತಿದೆ. ಪಿನ್ನಿನಿಂದ ಒತ್ತಿ ಹಿಡಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಓದಿದ್ದೆ. ಒತ್ತಿದೆ. ದೀಪಗಳು ಆರಿ ಮತ್ತೆ ಹೊತ್ತಿದವು. ಚೀಟಿಯ ಪಾಸ್‌ವರ್ಡಿಗೆ ಬಾಗಿಲು ತೆರೆಯಿತು. ತಡೆಯೂ ಅಳಿಸಿಹೋಗಿತ್ತು. ಗೆದ್ದೆ ಎಂದುಕೊಂಡೆ.

ಆದರೆ ಇಂಟರ್ನೆಟ್ಟೇ ಇಲ್ಲ. ಕಂಪನಿ ನಮ್ಮ ಲೈನಿಗೆ ಕೊಟ್ಟಿದ್ದ ಹೆಸರು, ಗುಟ್ಟಿನ ಪದ— ಅವೂ ಅಳಿಸಿಹೋಗಿವೆ. ಈಗ ಅವಳಿಗೂ ಇಲ್ಲ, ನನಗೂ ಇಲ್ಲ. ಕಂಪನಿಗೆ ಐದು ಸಲ ಫೋನ್ ಮಾಡಿದೆ. ಸಂಗೀತ ಕೇಳಿದೆ, ಅಷ್ಟೇ.

ಮೈಸಾ ಟ್ಯಾಬ್ ಅವುಚಿಕೊಂಡು ಮೇಲೆ ಹೋದಳು. ಮೂವತ್ತೆಂಟು ವರ್ಷದಲ್ಲಿ ಒಂದು ಚೀಲ. ಇದು ಎರಡನೆಯದು.

ಅಕ್ಟೋಬರ್ 15, ಬುಧವಾರ. ಬೆಳಗ್ಗೆ 11

ಎಂಟಕ್ಕೇ ಕಂಪನಿಯ ಕಚೇರಿ ಬಾಗಿಲಲ್ಲಿದ್ದೆ. ಫೋನನ್ನು ನಂಬಿ ಕೂರುವುದಿಲ್ಲ. ಗುರುತಿನ ಚೀಟಿ, ಹಳೆಯ ರಸೀದಿ, ಡಬ್ಬಿ— ಎಲ್ಲ ಹೊತ್ತುಕೊಂಡು ಹೋಗಿದ್ದೆ. ಕೌಂಟರಿನ ಹೆಣ್ಣುಮಗಳು ಡಬ್ಬಿ ನೋಡಿ ನಕ್ಕಳು. "ಇದನ್ನ ಯಾಕೆ ತಂದ್ರಿ ಹಾಜ್?" "ಸಾಕ್ಷಿಗೆ" ಎಂದೆ.

ಹೆಸರು, ಗುಟ್ಟಿನ ಪದ ಎರಡನ್ನೂ ಕಾಗದದಲ್ಲಿ ಬರೆದು ಕೊಟ್ಟಳು. ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲ ಓದಿ ಒಪ್ಪಿಸಿದೆ. "ಮನೇಲಿ ಯಾರಾದ್ರೂ ಹಾಕಿಕೊಡ್ತಾರಾ?" ಎಂದಳು. "ನಾನೇ ಹಾಕ್ತೀನಮ್ಮ."

ಮಧ್ಯಾಹ್ನ 3.35

ಎರಡು ಸಲ ತಪ್ಪಾಯಿತು. ಸೊನ್ನೆಯನ್ನು ಅಕ್ಷರವೆಂದು ಓದಿದ್ದೆ. ಮೂರನೆಯ ಸಲ— ಕೆಂಪು ದೀಪ ಹಸಿರಾಯಿತು! ಇನ್ಸಾಫ್ ನಾಲಿಗೆ ಹೊರಳಿಸಿ ಝಗರೂದ ಕೂಗು ಹಾಕಿದಳು, ಮದುವೆಮನೆಯಲ್ಲಿ ಹಾಕಿದ ಹಾಗೆ. ಇಡೀ ಮೆಟ್ಟಿಲಿಗೆ ಕೇಳಿಸಿರಬೇಕು. ಮೈಸಾಳನ್ನು ಕರೆಯಲು ಓಡಿದ್ದಾಳೆ.

ನಮ್ಮ ಲೈನು ಎರಡು ವೀಡಿಯೊ ಹೊರುವುದಿಲ್ಲ. ಅದು ನನಗೀಗ ಚೆನ್ನಾಗಿ ಗೊತ್ತು. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

"ನನ್ನ ಭಾಷಣ ಇವತ್ತಿಲ್ಲ."

"ಇಪ್ಪತ್ತು ಜನ ಹೆಸರು ಕೊಟ್ಟಿದ್ದಾರೆ ವಗ್ದಿ ಅವರೇ!"

"ಮುಚ್ಚಿಹೋದ ಕಚೇರಿಗಳು. ಒಂದು ವಾರ ಕಾಯ್ತವೆ."

ಸಂಜೆ 5.20

ಮೈಸಾಳನ್ನು ನಮ್ಮ ಊಟದ ಮೇಜಿನಲ್ಲೇ ಕೂರಿಸಿದೆವು, ಡಬ್ಬಿಯ ಪಕ್ಕ. ಟಿವಿ ಆರಿಸಿದೆ. ಇಬ್ಬರ ಫೋನೂ ಆರಿಸಿದೆ. ಲ್ಯಾಪ್‌ಟಾಪಿನಲ್ಲಿ ಬರೀ ಪಟ್ಟಿ ತೆರೆದುಕೊಂಡು ಎದುರಿಗೆ ಕಾವಲು ಕೂತೆ. ಅದರಲ್ಲಿ ಎರಡೇ ಸಾಲು. ನಾನು, ಅವಳು. ಅವಳ ಟ್ಯಾಬಿಗೆ 14 ಅನ್ನೇ ಖಾಯಂ ಬರೆದುಕೊಟ್ಟಿದ್ದೇನೆ. ಇನ್ನು ಡಬ್ಬಿ ಅದನ್ನು ಬೇರೆ ಯಾರಿಗೂ ಹಂಚುವುದಿಲ್ಲ.

ಪರದೆಯಲ್ಲಿ ಆರು ಮಕ್ಕಳು. ಮೈಸಾ ಕೈಯೆತ್ತಿದಳು. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ನಿಲ್ಲುತ್ತಿದ್ದ ಹುಡುಗಿ ಇವಳೇನಾ? ಭುಜ, ಹುಬ್ಬು, ಬೆರಳು— ಎಲ್ಲ ಮಾತಾಡಿದವು. ಒಂದು ಪುಟ್ಟ ಹುಡುಗಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಮೈಸಾ ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ನಾನೂ ನಕ್ಕೆ.

ಒಂದು ಗಂಟೆ. ಒಂದು ಸಲವೂ ಕಲ್ಲಾಗಲಿಲ್ಲ.

ಅಕ್ಟೋಬರ್ 22, ಬುಧವಾರ

ಭಾಷಣ ಚೆನ್ನಾಗಾಯಿತು. ಮೈಸಾ ಆ ಹೊತ್ತಿಗೆ ಬಿಡುವು ಕೇಳಿಕೊಂಡಿದ್ದಳು. ಅವಳಿಗೆ ಕೆಲಸ ಸಿಕ್ಕಿದೆ! ಬರುವ ತಿಂಗಳ ಮೊದಲ ವಾರದಿಂದ ಶುರು. ಮೇಲಿನಿಂದ ಒಂದು ತಟ್ಟೆ ಬಸ್ಬೂಸಾ ಬಂತು, ರವೆಯ ಸಿಹಿ. ಕೊಟ್ಟವಳು ಮೈಸಾ. ಅವಳ ಅಪ್ಪನ ಸುದ್ದಿ ಇಲ್ಲ. ನಾನೂ ಕೇಳಲಿಲ್ಲ.

ಇನ್ಸಾಫ್ ಐದು ಸನ್ನೆ ಕಲಿಸಿದಳು. ಚಹಾ ಬೇಕು ಎಂಬುದನ್ನು ಕೈಯಲ್ಲೇ ಕೇಳಿದೆ. "ನಿನಗೆ ಕೈ ಇರೋದು ಈಗ ಗೊತ್ತಾಯ್ತಾ? ಹೋಗಿ ಮಾಡ್ಕೋ" ಎಂದಳು.

ನವೆಂಬರ್ 2, ಭಾನುವಾರ. ಮಧ್ಯಾಹ್ನ 12

ಈಗ ತಾನೇ ಬಾಗಿಲು ತಟ್ಟಿದ ಸದ್ದು. ತೆರೆದರೆ ಬಹ್ಗತ್. ತಲೆ ಪೂರ್ತಿ ಬೆಳ್ಳಗಾಗಿದೆ. ಕಂಕುಳಲ್ಲಿ ಹೊಸ ಡಬ್ಬಿ. ಸಲಾಂ ಹೇಳುವಷ್ಟೂ ಪುರುಸೊತ್ತಿಲ್ಲ, ಮುಖ ಕೆಂಪು.

"ಅಂತೂ ಲೈನ್ ಕೊಟ್ರು. ಕೊಟ್ಟಿದ್ದೂ ತಪ್ಪು!"

"ಏನು ತಪ್ಪು?"

"ನಿನ್ನ ವಿಳಾಸ ನನಗೆ ಕೊಟ್ಟಿದ್ದಾರೆ. ಓದು, ತಳದಲ್ಲಿ. 192.168.1.1. ಅದು ನಿನ್ನದು ಅಂತ ಮೈಸಾ ಬರೆದು ತೋರಿಸಿದ್ಲು. ನಿನ್ನ ವಿಳಾಸದಲ್ಲಿ ನಾನಿರಲ್ಲ ವಗ್ದಿ. ನನ್ನ ವಿಳಾಸ ನನಗೆ ಬೇಕು."

ನಗು ತಡೆದುಕೊಂಡೆ. ಪೂರ್ತಿ ತಡೆಯಲಾಗಲಿಲ್ಲ.

"ಈ ಊರಲ್ಲಿ ಎಷ್ಟು ಕಟ್ಟಡದಲ್ಲಿ ಒಂದನೇ ನಂಬರಿನ ಮನೆ ಇದೆ ಬಹ್ಗತ್?"

"ಎಲ್ಲದರಲ್ಲೂ ಇದೆ."

"ಜಗಳ ಆಡ್ತಾವಾ?"

ಡಬ್ಬಿಯನ್ನು ತಿರುಗಿಸಿ ನೋಡಿದ. ನನ್ನನ್ನು ನೋಡಿದ. ಅವನೂ ವಿಳಾಸ ಓದಿ ಮುದುಕನಾದವನೇ. ಎರಡನೇ ಸಲ ಹೇಳಬೇಕಾಗಲಿಲ್ಲ. "ಹಂಗಾದ್ರೆ ಇದು ಒಳಗಿನದು" ಎಂದ, ಮೆಲ್ಲಗೆ.

"ಒಳಗಿನದು. ನಿನ್ನದು ನಿನ್ನ ಮನೇಲಿ, ನನ್ನದು ನನ್ನ ಮನೇಲಿ."

"ಮೇಷ್ಟ್ರಾಗೋದು ಸಾಕು. ಮೇಲೆ ಬಾ, ಒಳಗೆ ಹೋಗೋದು ಹೇಗೆ ತೋರಿಸು. ಮೈಸಾಗೆ ನಾಲ್ಕಕ್ಕೆ ಪಾಠ ಇದೆ."

ಕನ್ನಡಕ ತರುತ್ತೇನೆಂದು ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಕನ್ನಡಕ ಮೂಗಿನ ಮೇಲೇ ಇದೆ. ಅವನು ಮೆಟ್ಟಿಲಲ್ಲೇ ನಿಂತಿದ್ದಾನೆ. ಇನ್ಸಾಫ್ ಅಲ್ಲಿಗೇ ಚಹಾ ಕೊಟ್ಟಿದ್ದಾಳೆ. ಪಾಸ್‌ವರ್ಡ್ ಅವನೇ ಆರಿಸಲಿ. ಬರೆದಿಟ್ಟುಕೋ ಎಂದು ಮೊದಲು ಹೇಳಬೇಕು. ಅವನು ಬರೆಯುವಾಗ ನಾನು ಮುಖ ಆಚೆ—

ಕೂಗುತ್ತಿದ್ದಾನೆ. ಹೊರಟೆ, ಉಳಿದದ್ದನ್ನು ಬಂದ ಮೇಲೆ.